ಹಳೆ ಆಲ್ಬಮ್ ಬಿಚ್ಚಿ, ಲಾಡಿ ಹಾಕಿ ಹೊಸದು ಕಟ್ಟಿದ್ದು

ಎಂಬತ್ತು, ತೊಂಬತ್ತರ ದಶಕದಲ್ಲಿ ಒಂದು ಥರದ ಆಲ್ಬಮ್ ಸುಮಾರು ಮನೆಗಳಲ್ಲಿ ಇರುತ್ತಿತ್ತು. ದಪ್ಪ ರಟ್ಟಿನ ಹಾಳೆ. ಅದರ ಮೇಲೆ ಗೆರೆ ಗೆರೆಯಾಗಿ ಅಂಟು. ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಪ್ಲಾಸ್ಟಿಕ್ ಎತ್ತಿ, ಫೋಟೋ ಇಟ್ಟು, ಕೈಯಿಂದ ಸವರಿದರೆ ಮುಗಿಯಿತು. ಆಗ ಅದು ಬಹಳ ಅನುಕೂಲ ಅನಿಸಿತ್ತು. ಆದರೆ ಫೋಟೋಗಳಿಗೆ ಅದರಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ವರ್ಷ ಕಳೆದಂತೆ ಅಂಟು ಹಳದಿಯಾಗುತ್ತದೆ, ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಹೊದಿಕೆ ಪಿವಿಸಿ ಪ್ಲಾಸ್ಟಿಕ್ ಆಗಿದ್ದರೆ ಅದರಿಂದ ನಿಧಾನವಾಗಿ ಆಮ್ಲ ಹೊರಬರುತ್ತದೆ. ಬೇಸಿಗೆಯಲ್ಲಿ ಸೂರಿನ ಬಿಸಿ, ಮಳೆಗಾಲದಲ್ಲಿ ತೇವ. ಅಟ್ಟದ ಮೇಲಿಟ್ಟರೆ ಎರಡೂ ಸೇರಿ ಕೆಲಸ ಕೆಡಿಸುತ್ತವೆ.

ಹನುಮಂತನಗರದ ನಮ್ಮ ಮನೆಯ ಪ್ರವಾಸದ ಫೋಟೋಗಳೆಲ್ಲ ಅಂಥದ್ದೊಂದು ಆಲ್ಬಮ್‌ನಲ್ಲಿದ್ದವು. ಅಪ್ಪನಿಗೆ ಎಲ್‌ಟಿಸಿ (ಆಫೀಸಿನ ಪ್ರವಾಸ ಭತ್ಯೆ) ಸಿಕ್ಕಾಗ ಹೋದ ದೊಡ್ಡ ಪ್ರವಾಸಗಳು, ಬೇಸಿಗೆ ರಜೆಯಲ್ಲಿ ಕೆಂಪು ಬಸ್ಸಿನಲ್ಲಿ ಹೋದ ಸಣ್ಣವು. ಹಾಟ್ ಶಾಟ್ ಕ್ಯಾಮೆರಾದಲ್ಲಿ ತೆಗೆದವು ಹೆಚ್ಚು. ಒಂದು ರೋಲಿಗೆ 36 ಫೋಟೋ. ಹಾಗಾಗಿ ಒಂದೊಂದು ಊರಿಗೆ ನಾಲ್ಕೈದಕ್ಕಿಂತ ಜಾಸ್ತಿ ಇಲ್ಲ. ಆಲ್ಬಮ್ಮಿನ ಬೆನ್ನು ಕಿತ್ತು ಹೋಗಿತ್ತು. ಸುರುಳಿ ತಂತಿಗೆ ತುಕ್ಕು ಹಿಡಿದಿತ್ತು.

ಮೊದಲಿಗೆ ನನ್ನ ಯೋಚನೆ ಸರಳವಾಗಿತ್ತು. ಫೋಟೋ ಬಿಡಿಸೋದು, ಜೇಬು ಜೇಬಿನ ಹೊಸ ಆಲ್ಬಮ್ ತಂದು ತುಂಬಿಸೋದು. ಮೊದಲ ಫೋಟೋ ಬಿಟ್ಟು ಬಂದು ಅದನ್ನು ತಿರುಗಿಸಿದ ಮೇಲೆ ಆ ಯೋಚನೆ ಬಿಟ್ಟೆ. ಅದು ಜೋಗದ ಫೋಟೋ. ಹಿಂದೆ ನೀಲಿ ಬಾಲ್ ಪೆನ್ನಿನಲ್ಲಿ ಅಪ್ಪನ ಅಕ್ಷರ: "ಏಪ್ರಿಲ್. ನೀರಿಲ್ಲ. ರಾಜ ಮಾತ್ರ ಒಂದೆಳೆ. ಮಗಳು ಅತ್ತಳು. ಮಳೆಗಾಲಕ್ಕೆ ಕರೆದುಕೊಂಡು ಬರಬೇಕು."

ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧುಮ್ಮಿಕ್ಕುವುದನ್ನು ನೋಡಬೇಕಾದರೆ ಮಳೆಗಾಲದಲ್ಲಿ ಹೋಗಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಶರಾವತಿಯ ನೀರು ಹೆಚ್ಚಾಗಿ ವಿದ್ಯುತ್ತಿಗೆ ಹೋಗುತ್ತದೆ. ಬೇಸಿಗೆಯಲ್ಲಿ 253 ಮೀಟರ್ ಎತ್ತರದ ಬೋಳು ಬಂಡೆ ಕಾಣುತ್ತದೆ ಅಷ್ಟೆ. ನಾವು ಹೋಗಿದ್ದು ಶಾಲೆಯ ರಜೆಗೆ. ನಾನು ಅತ್ತಿದ್ದು ನನಗೆ ನೆನಪೇ ಇಲ್ಲ. ಫೋಟೋದಲ್ಲಿ ನಾನು ಕಟಾಂಜನ ಹಿಡಿದು ನಿಂತಿದ್ದೇನೆ, ಮುಖ ಆ ಕಡೆ. ಯಾಕೆ ಆ ಕಡೆ ಅಂತ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಉತ್ತರ ಹಿಂದೆ ಇತ್ತು, ಅದನ್ನು ಅಂಟು ಮುಚ್ಚಿತ್ತು.

ಆಗಲೇ ತೀರ್ಮಾನ ಮಾಡಿದೆ. ಹೊಸ ಆಲ್ಬಮ್‌ನಲ್ಲಿ ಫೋಟೋದ ಹಿಂಬದಿಗೆ ಅಂಟು ತಾಗಬಾರದು. ಯಾವ ಫೋಟೋವನ್ನೂ ಎರಡು ಬೆರಳಲ್ಲಿ ಹೊರಗೆ ತೆಗೆದು, ಓದಿ, ಮತ್ತೆ ಇಡುವಂತಿರಬೇಕು. ಹಾಳೆ ಹರಿದರೆ ಅದೊಂದನ್ನೇ ಬದಲಿಸುವಂತಿರಬೇಕು. ಮುಂದಿನ ಕೆಲಸವೆಲ್ಲ ಈ ಮಾತಿನ ಮೇಲೆ ನಡೆಯಿತು.

ಬಿಡಿಸುವ ಕೆಲಸ

ಏನನ್ನೂ ಮುಟ್ಟುವ ಮೊದಲು ಪ್ರತಿ ಪುಟವನ್ನೂ ಇದ್ದ ಹಾಗೇ ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಕಿಟಕಿ ಬೆಳಕು ಸಾಕು, ಫ್ಲ್ಯಾಶ್ ಬೇಡ. ಇದನ್ನು ಬಿಡಲೇಬಾರದು. ಫೋಟೋಗಳು ಯಾವ ಸಾಲಿನಲ್ಲಿದ್ದವು ಅನ್ನೋದೇ ಒಂದು ಮಾಹಿತಿ. ಹಿಂದೆ ಏನೂ ಬರೆಯದ ಫೋಟೋ ಯಾವ ಊರಿನದು ಅಂತ ಪಕ್ಕದ ಫೋಟೋ ಹೇಳುತ್ತದೆ.

ಪ್ಲಾಸ್ಟಿಕ್ಕನ್ನು ಜಗ್ಗಿ ಎತ್ತಬಾರದು. ಬೆನ್ನಿನ ಕಡೆ ಕಟರ್‌ನಿಂದ ಕತ್ತರಿಸಿ, ಪುಟಕ್ಕೆ ಆದಷ್ಟು ಸಮಾನಾಂತರವಾಗಿ ಹಿಂದಕ್ಕೆ ಮಡಚುತ್ತಾ ಬಿಡಿಸಬೇಕು. ಎಲ್ಲಾದರೂ ಫೋಟೋದ ಮೈಗೆ ಕಚ್ಚಿದ್ದು ಕಂಡರೆ ಅಲ್ಲೇ ನಿಲ್ಲಿಸಬೇಕು. ಜೋರು ಮಾಡಿದರೆ ಬಣ್ಣದ ಪದರವೇ ಪ್ಲಾಸ್ಟಿಕ್ ಜೊತೆ ಎದ್ದು ಬರುತ್ತದೆ. ಮುಖ ಹೋಯಿತು ಅಂದರೆ ಹೋಯಿತು.

ಫೋಟೋ ಬಿಡಿಸಲು ಬಳಸಿದ್ದು ಹಲ್ಲಿನ ಸಂದಿ ಸ್ವಚ್ಛ ಮಾಡುವ ಫ್ಲಾಸ್ ದಾರ. ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಮೇಣ, ಪುದೀನ ವಾಸನೆ ಇಲ್ಲದ್ದು ಒಳ್ಳೆಯದು. ಒಂದು ಮೊಳ ದಾರವನ್ನು ಎರಡೂ ಕೈಯ ತೋರುಬೆರಳಿಗೆ ಸುತ್ತಿಕೊಂಡು, ಫೋಟೋದ ಒಂದು ಮೂಲೆಯ ಕೆಳಗೆ ತೂರಿಸಬೇಕು. ಆಮೇಲೆ ಗರಗಸ ಎಳೆದ ಹಾಗೆ ಆ ಕಡೆ ಈ ಕಡೆ ಎಳೆಯುತ್ತಾ ಹೋಗಬೇಕು. ದಾರವನ್ನು ರಟ್ಟಿಗೆ ಒತ್ತಿ ಹಿಡಿಯಬೇಕು, ಫೋಟೋ ಕಡೆಗೆ ಎತ್ತಬಾರದು. ಒಂದು ಅಂಟಿನ ಗೆರೆ ದಾಟಿದಾಗ ಕೈಗೆ ಗೊತ್ತಾಗುತ್ತದೆ. ಬಿಗಿ ಒಮ್ಮೆಲೇ ಸಡಿಲವಾಗುತ್ತದೆ, ಮುಂದಿನ ಗೆರೆಗೆ ಮತ್ತೆ ಬಿಗಿಯಾಗುತ್ತದೆ. ಬಿಟ್ಟ ಭಾಗವನ್ನು ಬೆರಳಿನಿಂದ ಎತ್ತಿ ನೋಡುವ ಆಸೆ ಆಗುತ್ತದೆ. ಎತ್ತಬಾರದು. ಫೋಟೋ ಮುದುರಿದರೆ ಬಿಳಿ ಬಿರುಕು ಬೀಳುತ್ತದೆ, ಅದು ಮತ್ತೆ ಹೋಗೋದಿಲ್ಲ.

ಅರ್ಧಕ್ಕಿಂತ ಹೆಚ್ಚು ಫೋಟೋಗಳು ಇಷ್ಟಕ್ಕೇ ಬಂದವು. ಕೆಲವಕ್ಕೆ ರಟ್ಟಿನ ಹಿಂಬದಿಯಿಂದ ಹೇರ್ ಡ್ರೈಯರ್ ಹಿಡಿದು, ಕಡಿಮೆ ಬಿಸಿಯಲ್ಲಿ ಅಂಟು ಮೆತ್ತಗೆ ಮಾಡಬೇಕಾಯಿತು. ಫೋಟೋದ ಮುಖಕ್ಕೆ ಬಿಸಿ ಗಾಳಿ ಬಿಡಬಾರದು. ಇನ್ನೂ ಹಟ ಮಾಡಿದವನ್ನು ಪುಟ ಸಮೇತ ಜಿಪ್ ಕವರಿಗೆ ಹಾಕಿ ಫ್ರೀಜರ್‌ನಲ್ಲಿಟ್ಟೆ. ಚಳಿಗೆ ಕೆಲವು ಬಗೆಯ ಅಂಟು ಪೆಡಸಾಗಿ ಬಿಡುತ್ತದೆ. ಹೊರಗೆ ತೆಗೆದ ಮೇಲೆ ಕವರ್ ತೆರೆಯದೆ ಕೋಣೆಯ ಬಿಸಿಗೆ ಬರಲು ಬಿಡಬೇಕು. ಇಲ್ಲದಿದ್ದರೆ ಗಾಳಿಯ ತೇವ ಫೋಟೋ ಮೇಲೆ ಬೆವರಿನ ಹಾಗೆ ಕೂರುತ್ತದೆ. ಬಟಾಣಿ ಪೊಟ್ಟಣದ ಪಕ್ಕ ಬಾದಾಮಿ ಊರಿನ ಗುಹಾದೇವಾಲಯ ಮೇಣಬಸದಿಯ ಫೋಟೋ ನೋಡಿ ಅಮ್ಮ ಏನೂ ಹೇಳಲಿಲ್ಲ, ಪೊಟ್ಟಣವನ್ನು ಕೆಳಗಿನ ತಟ್ಟೆಗೆ ಸರಿಸಿದಳು.

ಏನು ಮಾಡಿದರೂ ಬಾರದೆ, ಪ್ಲಾಸ್ಟಿಕ್ ಮುಖಕ್ಕೇ ಅಂಟಿದ ಕೆಲವು ಫೋಟೋಗಳು ಉಳಿದವು. ಅವನ್ನು ಬಿಡಿಸಲು ಹೋಗಲಿಲ್ಲ. ಮೇಲಿನಿಂದಲೇ ಸ್ಕ್ಯಾನ್ ಮಾಡಿ, ಸುತ್ತಲಿನ ರಟ್ಟನ್ನು ಫೋಟೋ ಅಳತೆಗೆ ಕತ್ತರಿಸಿ, ಹಾಗೇ ಹೊಸ ಪುಟಕ್ಕೆ ಸೇರಿಸಿದೆ. ನಾಳೆ ಯಾರಾದರೂ ಒಳ್ಳೆಯ ದಾರಿ ಕಂಡುಕೊಂಡರೆ ಫೋಟೋ ಇರುತ್ತದೆ.

ಹಿಂಬದಿಯ ಜಿಗುಟನ್ನು ಮೆತ್ತನೆಯ ರಬ್ಬರ್‌ನಿಂದ ಹಗುರವಾಗಿ ಉಜ್ಜಿ ತೆಗೆದೆ, ಬರಹ ಇಲ್ಲದ ಕಡೆ ಮಾತ್ರ. ಎರಡೂ ಬದಿ ಸ್ಕ್ಯಾನ್ ಆಯಿತು. 3.5 × 5 ಇಂಚಿನ ಫೋಟೋಗೆ 600 ಡಿಪಿಐ (ಇಂಚಿಗೆ 600 ಚುಕ್ಕಿ) ಇಟ್ಟರೆ 2100 × 3000 ಪಿಕ್ಸೆಲ್ ಸಿಗುತ್ತದೆ, ಮನೆಯ ಬಳಕೆಗೆ ಧಾರಾಳ. ಬಣ್ಣ ಮಾತ್ರ ಕೈಯಿಂದ ಸರಿ ಮಾಡುವಂಥದ್ದಲ್ಲ. ಆ ಕಾಲದ ಪ್ರಿಂಟ್‌ಗಳಲ್ಲಿ ನೀಲಿ-ಹಸಿರು ಬಣ್ಣದ ಪದರ ಕತ್ತಲಲ್ಲಿಟ್ಟರೂ ಮೊದಲು ಮಾಸುತ್ತದೆ. ಅದಕ್ಕೇ ಮಲೆನಾಡಿನ ಕಾಡೆಲ್ಲ ಕೆಂಪಾಗಿ ಕಾಣುತ್ತದೆ. ಸ್ಕ್ಯಾನ್‌ನಲ್ಲಿ ಸ್ವಲ್ಪ ತಿದ್ದಬಹುದು. ಮೂಲವನ್ನು ಹಾಗೇ ಇಟ್ಟೆ.

ಸಾಮಾನು

ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಹಸಿರು ಮೆಟ್ರೋ ಹತ್ತಿದರೆ ಮಾರ್ಕೆಟ್ ದಾಟಿ ಚಿಕ್ಕಪೇಟೆ. ಅಲ್ಲಿಂದ ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆ ಎಲ್ಲ ಕಾಲ್ನಡಿಗೆ. ಕಾಗದ, ರಟ್ಟು, ಮದುವೆ ಕಾರ್ಡು ಅಂದರೆ ಬೆಂಗಳೂರಿನಲ್ಲಿ ಸುಲ್ತಾನ್‌ಪೇಟೆಯೇ. ಅಪ್ಪನೂ ಬಂದರು. ರಟ್ಟಿನ ಅಂಗಡಿಯವರು ಹಾಳೆ ಕೊಟ್ಟ ತಕ್ಷಣ ಅಪ್ಪ ಅದನ್ನು ಬೆರಳಿಂದ ತಟ್ಟಿ ಸದ್ದು ಕೇಳಿದರು. ಒತ್ತಾದ ರಟ್ಟು ಟಣ್ ಅನ್ನುತ್ತದೆ, ಸಡಿಲವಾದದ್ದು ಡಬ್ ಅನ್ನುತ್ತದೆ. ಆಫೀಸಿನ ಲೆಡ್ಜರ್‌ಗಳ ಜೊತೆ ಬದುಕಿದವರ ಜ್ಞಾನ ಅದು.

2.5 ಮಿ.ಮೀ. ರಟ್ಟು ತಗೊಂಡೆವು. ಒಳಪುಟಗಳಿಗೆ ಹತ್ತಿ ತಿರುಳಿನಿಂದ ಮಾಡಿದ, ಆಮ್ಲ ಇಲ್ಲದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹ್ಯಾಂಡ್‌ಮೇಡ್ ಕಾಗದ. ಮಿಲ್ ಕಾಗದಕ್ಕೆ ಒಂದು ದಿಕ್ಕಿನ ಎಳೆ ಇರುತ್ತದೆ. ಆ ಎಳೆ ಬೆನ್ನಿನ ಉದ್ದಕ್ಕೇ ಬರುವಂತೆ ಕತ್ತರಿಸದಿದ್ದರೆ ಪುಟ ಸೆಟೆದುಕೊಳ್ಳುತ್ತದೆ. ಕೈಯಿಂದ ಎತ್ತಿದ ಕಾಗದದಲ್ಲಿ ಎಳೆ ಅಷ್ಟಾಗಿ ಇರೋದಿಲ್ಲ, ಹೇಗೆ ಬೇಕಾದರೂ ಕತ್ತರಿಸಬಹುದು.

ಹೊದಿಕೆಗೆ ಬೈಂಡಿಂಗ್ ಕ್ಯಾಲಿಕೋ ಬಟ್ಟೆ ತರುವ ಮಾತಿತ್ತು. ಅಮ್ಮ ಟ್ರಂಕಿನಿಂದ ಒಂದು ಖಣ ತೆಗೆದುಕೊಟ್ಟಳು. ಬಾದಾಮಿಗೆ ಹೋದಾಗ ಗುಳೇದಗುಡ್ಡದಲ್ಲಿ ಕೊಂಡದ್ದು. ಅಲ್ಲಿನ ನೇಕಾರರು ಕುಪ್ಪಸಕ್ಕೆ ಅಂತಲೇ ನೇಯುವ ಬಟ್ಟೆ ಇದು. ಕಡು ನೇರಳೆ ಮೈ, ಕೆಂಪು ಅಂಚು, ಒಳಗೆ ಸಾಲು ಸಾಲು ಆನೆ ಹೆಜ್ಜೆ. ಒಂದೊಂದು ಹೆಜ್ಜೆಯೂ ಕಡಲೆಕಾಳಿಗಿಂತ ಚಿಕ್ಕದು. ಬಟ್ಟೆ ಓರೆ ಮಾಡಿದರೆ ರೇಷ್ಮೆ ಎಳೆಗೆ ಬೆಳಕು ಸಿಕ್ಕಿ ನೇರಳೆ ಹೋಗಿ ಕೆಂಪು ಬರುತ್ತದೆ.

"ಇದನ್ನ ಇನ್ಯಾವಾಗ ಹೊಲಿಸ್ತೀನಿ, ತಗೋ. ಆದ್ರೆ ಅಂಚು ಕತ್ತರಿಸಬೇಡ ಕಣೇ," ಅಂದಳು ಅಮ್ಮ. ಹಾಗಾಗಿ ಮುಂದಿನ ರಟ್ಟಿನ ಬೆನ್ನಿನ ಕಡೆಗೆ ಅಂಚು ಪೂರ್ತಿ ಬರುವಂತೆ ಅಳತೆ ಬದಲಿಸಿದೆ. ನೋಡಲು ಅದೇ ಚೆಂದವಾಯಿತು.

ಕಟ್ಟುವ ಕೆಲಸ

ಪುಟದ ಅಳತೆ 12 × 10 ಇಂಚು. ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು ಫೋಟೋ ಕೂತು, ಕೆಳಗೆ ಒಂದು ಸಾಲು ಬರೆಯಲು ಜಾಗ ಉಳಿಯುತ್ತದೆ. ಬೆನ್ನಿನ ಕಡೆ ತೂತಿಗೆ ಇನ್ನೂ ಒಂದೂವರೆ ಇಂಚು. ಅಂದರೆ ಹಾಳೆ 13.5 × 10. 22 × 30 ಇಂಚಿನ ಕಾಗದದಲ್ಲಿ ಇಂಥ ನಾಲ್ಕು ಹಾಳೆ ಬರುತ್ತವೆ. ಉಳಿದ ಉದ್ದನೆಯ ತುಂಡುಗಳು ವ್ಯರ್ಥವಲ್ಲ. ಅವುಗಳಿಂದ 1.5 × 10 ಇಂಚಿನ ಪಟ್ಟಿಗಳನ್ನು ಕತ್ತರಿಸಿ, ಪ್ರತಿ ಎರಡು ಹಾಳೆಯ ನಡುವೆ ಬೆನ್ನಿನಲ್ಲಿ ಒಂದೊಂದು ಇಡಬೇಕು. ಈ ಪಟ್ಟಿ ಇಲ್ಲದಿದ್ದರೆ ಫೋಟೋ ತುಂಬಿದ ಮೇಲೆ ಆಲ್ಬಮ್ ಬಾಯಿ ತೆರೆದುಕೊಂಡು ಕೂರುತ್ತದೆ. ಫೋಟೋಗಳು ಪುಟದ ಕಡೆ ಎಷ್ಟು ದಪ್ಪ ಸೇರಿಸುತ್ತವೋ ಅಷ್ಟನ್ನು ಬೆನ್ನಿನಲ್ಲೂ ಸೇರಿಸಬೇಕು, ಅಷ್ಟೇ ಲೆಕ್ಕ. ಪುಟ ಮಗುಚುವ ಜಾಗದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು, ಚಮಚದ ಹಿಡಿಯ ತುದಿಯಿಂದ ಒತ್ತಿ ಗೆರೆ ಎಳೆದೆ. ಆ ಗೆರೆಯಲ್ಲೇ ಹಾಳೆ ಮಡಚುತ್ತದೆ.

ರಟ್ಟು ಮುಂದೊಂದು, ಹಿಂದೊಂದು. ಎರಡನ್ನೂ ಬೆನ್ನಿನ ಕಡೆ ಒಂದೂವರೆ ಇಂಚಿಗೆ ಕತ್ತರಿಸಿ ಬೇರೆ ಮಾಡಿ, ನಡುವೆ 8 ಮಿ.ಮೀ. ಸಂದಿ ಬಿಡಬೇಕು. ಬಟ್ಟೆ ಎರಡನ್ನೂ ಹಿಡಿದುಕೊಂಡಾಗ ಆ ಸಂದಿಯೇ ಕೀಲಾಗುತ್ತದೆ. ಸಂದಿ ರಟ್ಟಿನ ದಪ್ಪದ ಮೂರರಷ್ಟಾದರೂ ಇರಲಿ. ಕಡಿಮೆಯಾದರೆ ಮುಚ್ಚಳ ಪೂರ್ತಿ ತೆರೆಯೋದಿಲ್ಲ.

ಖಣದಂಥ ಬಟ್ಟೆಗೆ ನೇರವಾಗಿ ಅಂಟು ಹಚ್ಚಿದರೆ ನೇಯ್ಗೆಯ ಸಂದಿಯಿಂದ ಮೇಲೆ ಎದ್ದು ಕಲೆ ಕೂರುತ್ತದೆ. ಟೈಲರ್‌ಗಳು ಕಾಲರ್ ಒಳಗೆ ಹಾಕುವ, ಇಸ್ತ್ರಿ ಬಿಸಿಗೆ ಅಂಟಿಕೊಳ್ಳುವ ತೆಳು ಕ್ಯಾನ್ವಾಸ್ ಇದೆ. ಅದನ್ನು ಖಣದ ಹಿಂದೆ ಇಟ್ಟು ಇಸ್ತ್ರಿ ಮಾಡಿದೆವು. ರೇಷ್ಮೆ ಇರುವುದರಿಂದ ಮೇಲೊಂದು ಹತ್ತಿ ಪಂಚೆ ಹಾಸಿ, ಪೆಟ್ಟಿಗೆಯನ್ನು ಎಳೆಯದೆ ಎತ್ತಿ ಎತ್ತಿ ಒತ್ತಿದ್ದು ಅಮ್ಮ. ಅದಾದ ಮೇಲೆ ಬಟ್ಟೆ ಕತ್ತರಿಗೆ ಕಾಗದದಷ್ಟೇ ಸಲೀಸಾಯಿತು, ಎಳೆಯೂ ಬಿಡಲಿಲ್ಲ.

ಅಂಟಿಗೆ ಮೈದಾ. ಒಂದು ಪಾಲು ಮೈದಾಗೆ ಐದು ಪಾಲು ನೀರು. ಗಂಟಾಗದಂತೆ ಕಲಸಿ, ಸಣ್ಣ ಉರಿಯಲ್ಲಿ ಬಿಳಿ ಹೋಗಿ ಹೊಳಪು ಬರುವವರೆಗೆ ಕೈಯಾಡಿಸಿ, ಆರಿದ ಮೇಲೆ ಸೋಸಬೇಕು. ಹಳೆ ಬೈಂಡರ್‌ಗಳು ಹುಳ ಬಾರದಿರಲಿ ಅಂತ ಇದಕ್ಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ. ಮಕ್ಕಳು ಮುಟ್ಟುವ ಆಲ್ಬಮ್‌ಗೆ ನಾನು ಹಾಕೋದಿಲ್ಲ. ಮೈದಾ ಅಂದರೆ ಜಿರಲೆಗೂ ಬೆಳ್ಳಿಹುಳಕ್ಕೂ ಹಬ್ಬ, ಅದೂ ನಿಜ. ಅದಕ್ಕೆ ಅರ್ಧ ಮೈದಾ ಅಂಟು, ಅರ್ಧ ಫೆವಿಕಾಲ್ ಬೆರೆಸಿದೆ. ಬರೀ ಫೆವಿಕಾಲ್ ಬೇಗ ಹಿಡಿದುಬಿಡುತ್ತದೆ, ಬಟ್ಟೆಯನ್ನು ಸರಿಸಿ ಅಂಚು ನೇರ ಮಾಡಲು ಸಮಯ ಕೊಡುವುದಿಲ್ಲ. ಬೆರೆಸಿದರೆ ಕೊಡುತ್ತದೆ.

ಬಟ್ಟೆ ಸುತ್ತ ಒಂದೊಂದು ಇಂಚು ಜಾಸ್ತಿ ಇಟ್ಟು, ಮೂಲೆಗಳನ್ನು ಓರೆಯಾಗಿ ಕತ್ತರಿಸಿ ಒಳಕ್ಕೆ ಮಡಚಿದೆ. ರಟ್ಟಿನ ಮೂಲೆಗೆ ತೀರಾ ಹತ್ತಿರ ಕತ್ತರಿಸಬಾರದು, ರಟ್ಟಿನ ದಪ್ಪದ ಒಂದೂವರೆಯಷ್ಟು ಬಿಡಬೇಕು. ಒಳಬದಿಗೂ ಕಾಗದ ಅಂಟಿಸಿದ ಕೂಡಲೇ ಬಟರ್ ಪೇಪರ್ ನಡುವೆ ಇಟ್ಟು, ಮೇಲೆ ಹಲಗೆ, ಅದರ ಮೇಲೆ ಪೇಪರ್ ಸುತ್ತಿದ ಇಟ್ಟಿಗೆಗಳು. ಒಂದು ಬದಿಯ ಅಂಟು ಒಣಗುತ್ತಾ ರಟ್ಟನ್ನು ತನ್ನ ಕಡೆ ಬಗ್ಗಿಸುತ್ತದೆ, ಇನ್ನೊಂದು ಬದಿಯದು ಆ ಕಡೆಗೆ. ಎರಡೂ ಸಮವಾದರೆ ರಟ್ಟು ನೆಟ್ಟಗೆ ಉಳಿಯುತ್ತದೆ. ಪೂರ್ತಿ ಒಣಗುವವರೆಗೆ ಇಟ್ಟಿಗೆ ಎತ್ತಬಾರದು. ಇದು ಮಳೆ ಹಿಡಿದ ವಾರವಾದ್ದರಿಂದ ಬಹಳ ಕಾಯಬೇಕಾಯಿತು.

ಅಷ್ಟರಲ್ಲಿ ನನ್ನ ಮಗಳು ಫೋಟೋ ಸಿಕ್ಕಿಸುವ ಕಾಗದದ ಮೂಲೆಗಳನ್ನು ಮಾಡಿದಳು. ಇದನ್ನು ಯಾರು ಬೇಕಾದರೂ ಮಾಡಬಹುದು. 3 ಸೆಂ.ಮೀ. ಉದ್ದ, 1.5 ಸೆಂ.ಮೀ. ಅಗಲದ ಕಾಗದದ ತುಂಡು. ಮೇಲಿನ ಅಂಚಿನ ಎರಡು ತುದಿಯನ್ನೂ ಕೆಳ ಅಂಚಿನ ನಡುವಿಗೆ ಮಡಚಿದರೆ ತ್ರಿಕೋನ. ಹಿಂದೆ ಚಪ್ಪಟೆ, ಮುಂದೆ ಎರಡು ಕಿವಿ, ನಡುವೆ ಜೇಬು. ಆ ಜೇಬಿನಲ್ಲಿ ಫೋಟೋದ ಮೂಲೆ ಕೂರುತ್ತದೆ. ಅಂಟು ಜೇಬಿನ ಹಿಂದೆ ಮಾತ್ರ, ಫೋಟೋಗೆ ಸೋಕುವುದೇ ಇಲ್ಲ. ನಾಲ್ಕು ಮೂಲೆಗೂ ಮೊದಲೇ ಜೇಬು ತೊಡಿಸಿ, ಹಿಂದೆ ಚುಕ್ಕಿ ಅಂಟು ಇಟ್ಟು, ಫೋಟೋ ಸಮೇತ ಪುಟದ ಮೇಲೆ ಕೂರಿಸಬೇಕು. ಜೇಬನ್ನು ಒಂದು ಕೂದಲಿನಷ್ಟು ಸಡಿಲ ಬಿಟ್ಟರೆ ಫೋಟೋ ಮುದುರದೆ ಹೊರಗೆ ಬರುತ್ತದೆ. ಮಗಳ ಬೆರಳು ಸಣ್ಣದು, ಮಡಿಕೆ ನನಗಿಂತ ಚೂಪು.

ಕೊನೆಗೆ ಬೆನ್ನು. ರಟ್ಟಿಗೆ ಮೂರು ತೂತು. ಅವಕ್ಕೆ ಬ್ಯಾಗ್ ರಿಪೇರಿ ಅಂಗಡಿಯಲ್ಲಿ ಹಿತ್ತಾಳೆ ಐಲೆಟ್ (ತೂತಿನ ಬಳೆ) ಹಾಕಿಸಿದೆ. ಒಳಹಾಳೆಗಳನ್ನೂ ಪಟ್ಟಿಗಳನ್ನೂ ಒಂದೇ ಮಾದರಿ ರಟ್ಟಿಟ್ಟು ದಬ್ಬಳದಿಂದ ಚುಚ್ಚಿ, ಪಂಚ್‌ನಿಂದ ಅಗಲ ಮಾಡಿದೆ. ಹೊಲಿಗೆ ಇಲ್ಲ, ಸ್ಕ್ರೂ ಇಲ್ಲ. ಹತ್ತಿಯ ಲಾಡಿ. ನಡುವಿನ ತೂತಿನಿಂದ ಹಿಂದಕ್ಕೆ ಹೋಗಿ, ಎರಡು ತುದಿಯ ತೂತಿನಿಂದ ಮುಂದಕ್ಕೆ ಬಂದು, ಮುಂಭಾಗದಲ್ಲಿ ಗಂಟು. ಲಂಗಕ್ಕೆ ಲಾಡಿ ನೂಕುವ ದೊಡ್ಡ ಪಿನ್ನನ್ನೇ ಅಮ್ಮ ತಂದು ಸರಾಗವಾಗಿ ತೂರಿಸಿಬಿಟ್ಟಳು. ಗಂಟು ಬಿಚ್ಚಿದರೆ ಇಡೀ ಆಲ್ಬಮ್ ಹಾಳೆ ಹಾಳೆಯಾಗಿ ಕೈಗೆ ಬರುತ್ತದೆ. ನನಗೆ ಬೇಕಿದ್ದದ್ದು ಅದೇ.

ಹಿಂದೆ ಬರೆಯದ ಫೋಟೋಗಳು

ಅಪ್ಪ ಎಲ್ಲದರ ಹಿಂದೆಯೂ ಬರೆದಿರಲಿಲ್ಲ. ಖಾಲಿ ಇದ್ದವನ್ನು ಊಟದ ಮೇಜಿನ ಮೇಲೆ ಹರಡಿ, ಎಲ್ಲರೂ ಕೂತು ಗುರುತಿಸಿದೆವು. ಶ್ರವಣಬೆಳಗೊಳದ್ದು ಯಾವ ವರ್ಷ ಅಂತ ಅಪ್ಪನಿಗೂ ಖಚಿತ ಇರಲಿಲ್ಲ. ಫೋಟೋ ದೊಡ್ಡದು ಮಾಡಿ ನೋಡಿದರೆ 58 ಅಡಿಯ ಗೊಮ್ಮಟನ ಭುಜದ ಹಿಂದೆ ಅಟ್ಟಣಿಗೆ ಕಾಣುತ್ತದೆ. ಅದನ್ನು ಕಟ್ಟುವುದು ಮಹಾಮಸ್ತಕಾಭಿಷೇಕಕ್ಕೆ. 1981, 1993, 2006, 2018. ಫೋಟೋದಲ್ಲಿ ನನ್ನ ತಮ್ಮ, ಅಮ್ಮನ ಸೊಂಟದ ಮೇಲಿದ್ದಾನೆ, ಹಾಗಾದರೆ 1993ರ ಡಿಸೆಂಬರ್‌ನ ಅಭಿಷೇಕದ ಆಸುಪಾಸು. ಅಷ್ಟು ಹೇಳಿದ್ದೇ ತಡ, ಅಪ್ಪನಿಗೆ ಉಳಿದದ್ದೆಲ್ಲ ನೆನಪಾಯಿತು. ಜಾತ್ರೆಯ ಜನ ಕಳೆದ ಮೇಲೆ ಹೋಗಿದ್ದು, 600ಕ್ಕೂ ಹೆಚ್ಚು ಮೆಟ್ಟಿಲು ತಮ್ಮನನ್ನು ಸರದಿಯಲ್ಲಿ ಹೊತ್ತದ್ದು, ಕಾಲಿಗೆ ಸಾಕ್ಸ್ ಹಾಕಿಕೊಂಡು ಬಂಡೆ ಹತ್ತಿದ್ದು.

ಇನ್ನೊಂದರ ಬಗ್ಗೆ ಜಗಳವೇ ಆಯಿತು. ಅಮ್ಮ ಪಟ್ಟದಕಲ್ಲು ಅಂದಳು. ಅಪ್ಪ ಐಹೊಳೆ ಅಂದರು. ಫೋಟೋದಲ್ಲಿ ದೇವಸ್ಥಾನದ ಹಿಂಭಾಗ ಮಾತ್ರ ಇದೆ, ನಾವು ಕಂಬಗಳ ನಡುವೆ ಕೂತಿದ್ದೇವೆ. ಆದರೆ ಆ ಹಿಂಭಾಗ ದುಂಡಗಿದೆ. ಐಹೊಳೆಯ ದುರ್ಗ ದೇವಾಲಯದ್ದು ಹಾಗೇ, ಆನೆಯ ಬೆನ್ನಿನ ಆಕಾರ, ಸುತ್ತಲೂ ಕಂಬಗಳ ಪ್ರದಕ್ಷಿಣಾ ಪಥ. ಅಮ್ಮ ಒಪ್ಪಿದಳು, "ಪಟ್ಟದಕಲ್ಲಲ್ಲೂ ತೆಗೆದಿದ್ರಿ, ಆ ಫೋಟೋ ಎಲ್ಲಿ ಹೋಯ್ತು ಹೇಳಿ" ಅಂತ ಸೇರಿಸಿದಳು.

ಈ ಮಾತುಗಳನ್ನೆಲ್ಲ ಮಗಳು ಪುಟದ ಕೆಳಗೆ ಪೆನ್ಸಿಲ್‌ನಲ್ಲಿ ಬರೆದಳು. ಫೋಟೋದ ಹಿಂದೆ ಬರೆಸಲಿಲ್ಲ. ಪ್ಲಾಸ್ಟಿಕ್ ಪದರ ಇರುವ ಬಣ್ಣದ ಪ್ರಿಂಟಿಗೆ ಸಾಮಾನ್ಯ ಪೆನ್ಸಿಲ್ ಹತ್ತುವುದಿಲ್ಲ. ಬಾಲ್ ಪೆನ್ ಒತ್ತಿ ಬರೆದರೆ ಅಕ್ಷರದ ಗುರುತು ಮುಂದೆ ಮೂಡುತ್ತದೆ. ಇಂಕು ಒರೆಸಿಕೊಂಡು ಪಕ್ಕದ ಫೋಟೋಗೆ ಹತ್ತುತ್ತದೆ. ಪುಟ ಹತ್ತಿಯದು, ಪೆನ್ಸಿಲ್ ಅಲ್ಲಿ ಚೆನ್ನಾಗಿ ನಿಲ್ಲುತ್ತದೆ.

ಈಗ ಆಲ್ಬಮ್ ಹಳೆ ಹತ್ತಿ ದಿಂಬಿನ ಕವರ್ ಒಳಗೆ, ಮಲಗುವ ಕೋಣೆಯ ಮರದ ಬೀರುವಿನ ನಡುತಟ್ಟೆಯಲ್ಲಿ ಅಡ್ಡಡ್ಡ ಮಲಗಿದೆ. ಅಟ್ಟಕ್ಕೆ ಮತ್ತೆ ಹೋಗೋದಿಲ್ಲ. ನುಸಿಗುಳಿಗೆ ಇಟ್ಟಿಲ್ಲ. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆರೆದು, ಪುಟ ಪುಟವೂ ಗಾಳಿಗೆ ಬಿಟ್ಟು, ಬೆನ್ನಿನ ಹತ್ತಿರ ಹುಳ ಇದೆಯಾ ಅಂತ ನೋಡಬೇಕು.

ಸ್ಕ್ಯಾನ್‌ಗಳನ್ನು ಎರಡೂ ಬದಿ ಸೇರಿಸಿ ತಮ್ಮನಿಗೆ ಕಳಿಸಿದೆ. ಅವನಿರುವುದು ಹುಬ್ಬಳ್ಳಿಯಲ್ಲಿ. ಮದುವೆಯಾಗಿ ಹೋಗುವಾಗ ಅವನೂ ಒಂದಷ್ಟು ಫೋಟೋ ತಗೊಂಡು ಹೋಗಿದ್ದ, ಅವು ಇನ್ನೂ ಅಂಥದ್ದೇ ಅಂಟಿನ ಆಲ್ಬಮ್‌ನಲ್ಲಿವೆ. ಫ್ಲಾಸ್ ಹೇಗೆ ಎಳೆಯಬೇಕು ಅಂತ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಪಟ್ಟದಕಲ್ಲಿನ ಫೋಟೋ ಅವನ ಹತ್ತಿರವೇ ಸಿಕ್ಕಿತು. ದೀಪಾವಳಿಗೆ ಬರುವಾಗ ತರುತ್ತಾನಂತೆ. ಐಹೊಳೆಯ ಪುಟದ ಪಕ್ಕಕ್ಕೆ ಒಂದು ಖಾಲಿ ಹಾಳೆ, ಒಂದು ಪಟ್ಟಿ ಕತ್ತರಿಸಿ, ತೂತು ಹಾಕಿ ಇಟ್ಟಿದ್ದೇನೆ.